ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಕ್ವಾರಂಟೈನ್ ಏಕೆ ಮುಂದುವರಿಯುತ್ತದೆ?

ಮಾದರಿ ತೆಗೆದ ಆ ಹೊತ್ತಿನಲ್ಲಿ ಮೂಗು, ಗಂಟಲಿನ ದ್ರವದಲ್ಲಿ ವೈರಾಣು ಪತ್ತೆಯಾಗಲಿಲ್ಲ ಎಂಬುದನ್ನಷ್ಟೇ ನೆಗೆಟಿವ್ ವರದಿ ತಿಳಿಸುತ್ತದೆ. ಸೋಂಕು ತಗುಲಿಯೇ ಇಲ್ಲವೆಂದು ಅದರಿಂದ ಖಚಿತವಾಗುವುದಿಲ್ಲ.

ದೇಹವನ್ನು ಹೊಕ್ಕ ವೈರಾಣು ಜೀವಕೋಶಗಳಲ್ಲಿ ವೃದ್ಧಿಯಾಗಿ, ಪರೀಕ್ಷೆಗೆ ಸಿಗುವ ಪ್ರಮಾಣ ತಲುಪಲು ಕೆಲವು ದಿನಗಳು ಬೇಕು. ವೈರಾಣುವಿನ ಆನುವಂಶಿಕ ವಸ್ತುವನ್ನು ಅನೇಕ ಪಟ್ಟು ಹೆಚ್ಚಿಸಿ ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬಹಳ ಸೂಕ್ಷ್ಮವಾದದ್ದೇ ಆದರೂ, ಹತ್ತಿಯ ಕಡ್ಡಿಗೆ ಅಂಟಿ ಬಾರದ್ದನ್ನು ಅದು ಗುರುತಿಸಲಾರದು. 2020ರ ಆರಂಭದಲ್ಲಿ ಹರಡಿದ ಕೋವಿಡ್-19ರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 6 ದಿನ, ಕೆಲವರಲ್ಲಿ 14 ದಿನಗಳವರೆಗೂ ಹಿಡಿಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆಗ 14 ದಿನಗಳ ಕ್ವಾರಂಟೈನ್ ಸೂಚಿಸಿದ್ದು ಇದೇ ಲೆಕ್ಕದಿಂದ. ಸೋಮವಾರ ಸೋಂಕಿತರೊಬ್ಬರ ಜೊತೆ ಕುಳಿತು ಊಟ ಮಾಡಿದವರಿಗೆ ಮಂಗಳವಾರ ನೆಗೆಟಿವ್ ಬಂದು, ಶುಕ್ರವಾರ ಪಾಸಿಟಿವ್ ಬರಬಹುದು. ಇದು ಪ್ರಯೋಗಾಲಯದ ತಪ್ಪಲ್ಲ. ಜ್ವರ, ಕೆಮ್ಮು ಶುರುವಾಗುವ ಒಂದೆರಡು ದಿನ ಮೊದಲೇ ಅವರಿಂದ ಇತರರಿಗೆ ಸೋಂಕು ದಾಟಬಹುದಾದ್ದರಿಂದ, ಆರೋಗ್ಯವಾಗಿ ಕಾಣುವಾಗಲೇ ದೂರವಿರಿಸುವುದು ಅನಿವಾರ್ಯ.

ಕ್ವಾರಂಟೈನ್ ಕೇಂದ್ರದಲ್ಲೇ ಸೋಂಕು ತಗುಲೀತೆಂಬ ಜನರ ಭಯ ಮಾತ್ರ ಆಧಾರವಿಲ್ಲದ್ದಲ್ಲ, ಅದನ್ನು ಹಗುರವಾಗಿ ಕಾಣಲೂಬಾರದು. ಸೋಂಕು ದೃಢಪಟ್ಟವರನ್ನು ಬೇರೆ ಕಡೆ ಇರಿಸಬೇಕು. ಕೇವಲ ಸಂಪರ್ಕಕ್ಕೆ ಬಂದವರಲ್ಲೂ ಕೆಲವರು ಸೋಂಕಿತರಾಗಿರಬಹುದಾದ್ದರಿಂದ, ಗಾಳಿಯಾಡುವ ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ ಕೊಡಬೇಕು. ಮನೆಯಲ್ಲೇ ಇಂಥ ಅನುಕೂಲವಿದ್ದರೆ, ಆರೋಗ್ಯ ಸಿಬ್ಬಂದಿಯ ನಿಗಾದಲ್ಲಿ ಅಲ್ಲಿಯೇ ಉಳಿಯಬಹುದು.