ಸ್ಮಶಾನದ ಡಬ್ಬಿಯನ್ನು ಏನು ಮಾಡೋಣ?

ಆನೇಕಲ್ ಕಡೆಯ ಹಳ್ಳಿಯೊಂದರಿಂದ ಬಂದ ಪತ್ರದ ಸಾರ ಇಷ್ಟು: ಊರಾಚೆಯ ಹಳೆಯ ಸ್ಮಶಾನದಲ್ಲಿ ಮೊಬೈಲ್ ಹಿಡಿದ ಮೂವರು ಯುವಕರು ಕಲ್ಲುಗಳ ಸಂದಿಗಳಲ್ಲಿ ಕೈಯಾಡಿಸುತ್ತಿದ್ದರು. ನಿಧಿಗಳ್ಳರೆಂದು ಊರವರು ತಡೆದು ನಿಲ್ಲಿಸಿದಾಗ ‘ಇದು ಜಿಯೋಕ್ಯಾಶಿಂಗ್ ಎಂಬ ಆಟ’ ಎಂದು, ಸಮಾಧಿಯೊಂದರ ಬುಡದಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದರು. ಒಳಗಿದ್ದದ್ದು ಸಹಿಗಳ ಪುಟ್ಟ ಪುಸ್ತಕ, ಒಂದು ಕೀಲಿಗೊಂಚಲು, ಒಂದು ಗೋಲಿ. ‘ಸತ್ತವರ ನೆಲ ಇವರಿಗೆ ಆಟದ ಬಯಲೇ? ಡಬ್ಬಿ ಕಿತ್ತೊಗೆಯಲೇ?’ ಎಂದು ಓದುಗರು ಕೇಳಿದ್ದಾರೆ.

ಮಾನ್ಯರೇ,

ಕಿತ್ತೊಗೆಯಬೇಡಿ. ಆದರೆ ಅದು ಈಗಿರುವ ಜಾಗದಲ್ಲಿ ಇರಲೂ ಕೂಡದು.

ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದ ಕಾಲವೊಂದಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಹಾಗೆ ಕೆಡಿಸುವುದನ್ನು ನಿಲ್ಲಿಸಿತು. ಮೇ 3ರಂದು ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಬಕೆಟ್ಟೊಂದನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಆಟ ಹುಟ್ಟಿದ್ದು ಹೀಗೆ: ಒಬ್ಬರು ಬಚ್ಚಿಟ್ಟದ್ದನ್ನು ಉಳಿದವರು ಜಿಪಿಎಸ್ ಹಿಡಿದು ಹುಡುಕುವುದು. ಡಬ್ಬಿ ಸಿಕ್ಕವರು ಪುಸ್ತಕಕ್ಕೆ ಸಹಿ ಹಾಕಬೇಕು. ಒಳಗಿನ ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಒಂದು ಗೋಲಿಗಾಗಿ ಯಾರೂ ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಬರುವುದಿಲ್ಲ, ಆ ಭಯ ಬಿಡಿ.

ನನ್ನ ತಕರಾರು ಬೇರೆ. ತೆರೆದ ಆಕಾಶದಡಿಯಲ್ಲೂ ಮೊಬೈಲ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ನಿಮ್ಮ ಹುಣಸೆಮರಗಳ ಕೆಳಗೆ ಇನ್ನೂ ಹೆಚ್ಚು. ಅಂದರೆ ಯಂತ್ರ ತೋರಿಸುವುದು ಒಂದು ಸುತ್ತಳತೆಯನ್ನು ಮಾತ್ರ, ಅದರೊಳಗಿನ ಹುಡುಕಾಟ ಕೈಯದು. ಉದ್ಯಾನದಲ್ಲಾದರೆ ನಾಲ್ಕು ಪೊದೆ ಸರಿಸಿದರೆ ಮುಗಿಯಿತು. ಗಾರೆಯಿಲ್ಲದೆ ಪೇರಿಸಿದ ಹಳೆಯ ಸಮಾಧಿಗಳ ನಡುವೆ ಪ್ರತಿ ಸಂದಿಯೂ ಡಬ್ಬಿಯ ಜಾಗದಂತೆಯೇ ಕಾಣುತ್ತದೆ. ಒಬ್ಬ ಒಂದು ಕಲ್ಲು ಎತ್ತುತ್ತಾನೆ, ಮತ್ತೊಬ್ಬ ಅದನ್ನು ಬೇರೆಲ್ಲೋ ಇಡುತ್ತಾನೆ. ಭಕ್ತಿ ಇದ್ದವನು ಹುಡುಕಿದರೂ ಹಾನಿ ಇಷ್ಟೇ ಆಗುತ್ತದೆ.

ಆಟದ ನಿಯಮವೇ ಅಗೆಯಬಾರದು, ಜಾಗದ ಒಡೆಯರ ಒಪ್ಪಿಗೆ ಬೇಕು ಎನ್ನುತ್ತದೆ. ಸಾರ್ವಜನಿಕ ಸ್ಮಶಾನ ಸಾಮಾನ್ಯವಾಗಿ ಪಹಣಿಯಲ್ಲಿ ‘ಬಿ ಖರಾಬು’, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು, ಎಂದಿರುತ್ತದೆ. ಪಂಚಾಯಿತಿಯನ್ನು ಕೇಳದೆ ಡಬ್ಬಿ ಇಟ್ಟಿದ್ದರೆ ತಪ್ಪು ಇಟ್ಟವರದೇ.

ಇನ್ನು ನಿಮ್ಮ ಪತ್ರದಲ್ಲೇ ಇರುವ ಮಾತು. ಲಂಟಾನ ಎದೆಯೆತ್ತರ ಬೆಳೆದಿದೆ, ಪೂರ್ವದ ಬೇಲಿ ಕಾಣೆಯಾಗಿ ಪಕ್ಕದ ಬಡಾವಣೆಯ ಜಲ್ಲಿ ಒಳಗೆ ಬಿದ್ದಿದೆ, ಕತ್ತಿ ಹಿಡಿದ ವೀರನ ಕಲ್ಲು ಸೊಂಟದವರೆಗೆ ಹೂತಿದೆ ಎಂದು ನೀವೇ ಬರೆದಿದ್ದೀರಿ. ಇದೆಲ್ಲ ನಿಮ್ಮ ಕಣ್ಣಿಗೆ ಬಿದ್ದದ್ದು ಡಬ್ಬಿಯ ಗಲಾಟೆಯ ದಿನ! ಜಲ್ಲಿ ಸುರಿದವನ ಮೇಲೆ ಬಾರದ ಸಿಟ್ಟು ಮೂವರು ಹುಡುಗರ ಮೇಲೆ ಬಂದದ್ದು ನನಗೆ ವಿಚಿತ್ರವಾಗಿ ತೋರುತ್ತದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಗಡಿ ಅಳತೆ ಮಾಡಿಸಿ; ಈ ಕೆಲಸ ಮೊದಲು.

ವೀರಗಲ್ಲನ್ನು ಮಾತ್ರ ನೀವಾಗಿ ಕೀಳಬೇಡಿ, ನಿಂತ ಜಾಗವೂ ಅದರ ಚರಿತ್ರೆಯ ಭಾಗ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಫ್ಲೈಓವರಿನ ಪಕ್ಕದ ನೆಲದಲ್ಲೇ ಅಂಥದ್ದಿದ್ದರೆ ನಿಮ್ಮೂರಲ್ಲಿ ಏಕಿರಬಾರದು? ಅಕ್ಷರ ಕಂಡರೆ ಫೋಟೊ ತೆಗೆದು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನ ಸಂಸ್ಥೆಗೆ ತಿಳಿಸಿ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಅವರು ಕೈಗೊಂಡಿದ್ದಾರೆ.

ಡಬ್ಬಿಗೆ ಸುಲಭದ ದಾರಿಯಿದೆ. ಈ ಆಟದಲ್ಲಿ ‘ಮಲ್ಟಿ’ ಎಂಬ ಬಗೆ ಇದೆ: ಸಮಾಧಿಗಳ ಮೇಲಿನ ಇಸವಿಗಳನ್ನು ಓದಿ, ಕೂಡಿ ಕಳೆದರೆ ಡಬ್ಬಿಯ ನಿಜವಾದ ಸ್ಥಾನ ಹೊರಬೀಳುತ್ತದೆ. ಆ ಸ್ಥಾನ ಸ್ಮಶಾನದ ಹೊರಗೆ, ಅರಳೀಕಟ್ಟೆಯ ಹತ್ತಿರ ಇರಲಿ. ಆಗ ಬಂದವರು ಕಲ್ಲನ್ನು ಮುಟ್ಟದೆ ಓದುತ್ತಾರೆ. ಎಷ್ಟೋ ವರ್ಷಗಳಿಂದ ಯಾರೂ ಓದದ ಹೆಸರುಗಳವು.

ಡಬ್ಬಿಯ ಪುಸ್ತಕದಲ್ಲೇ ಇದನ್ನು ಕನ್ನಡದಲ್ಲಿ ಬರೆದಿಡಿ, ಇಟ್ಟವರು ಒಂದಲ್ಲ ಒಂದು ದಿನ ನೋಡಲು ಬಂದೇ ಬರುತ್ತಾರೆ. ಆಟದವರು 2002ರಿಂದ ಕಸ ಹೆಕ್ಕುವ ಕಾರ್ಯಕ್ರಮಗಳನ್ನೂ ನಡೆಸುತ್ತಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಮೊದಲು ಲಂಟಾನ ಕಡಿಯುವ ದಿನ ಗೊತ್ತುಮಾಡಿ, ಆ ದಿನಾಂಕವನ್ನೂ ಅದರಲ್ಲೇ ಬರೆಯಿರಿ. ಮಚ್ಚು ಮಾತ್ರ ನೀವೇ ಒದಗಿಸಬೇಕಾದೀತು.

– ಸಂಪಾದಕ