ವಯಸ್ಸು ನೋಡಿ ಬರ್ಬನ್ ಅಳೆಯಬೇಡಿ

ಪ್ರಶ್ನೆ: ಬರ್ಬನ್ ಬಾಟಲಿಯ ಮೇಲೆ 4 ವರ್ಷ, ಪಕ್ಕದ ಸ್ಕಾಚ್ ಮೇಲೆ 12 ವರ್ಷ ಅಂತಿದೆ. ಬೆಲೆ ಹೆಚ್ಚುಕಮ್ಮಿ ಒಂದೇ. ಸ್ಕಾಚೇ ಮೇಲು ತಾನೆ?

ಉತ್ತರ: ಅಲ್ಲ. ಇದನ್ನು ಕೇಳದ ವಾರವಿಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ. ಬರ್ಬನ್ ಅಮೆರಿಕದ ವಿಸ್ಕಿ, ಸ್ಕಾಚ್ ಸ್ಕಾಟ್ಲೆಂಡಿನದು. ವರ್ಷ ಎಣಿಸುವ ಮೊದಲು, ಮದ್ಯ ಯಾವ ಪೀಪಾಯಿಯಲ್ಲಿತ್ತು ಅಂತ ಕೇಳಿ.

ಬರ್ಬನ್ನಿಗೆ ಹೊಸ ಓಕ್ ಪೀಪಾಯಿಯೇ ಬೇಕು, ಅದರ ಒಳಮೈ ಬೆಂಕಿಯಲ್ಲಿ ಸುಟ್ಟು ಕರಿಯಾಗಿರಬೇಕು. ಇದು ಅಮೆರಿಕದ ಕಾನೂನು. ಸುಡುವಾಗ ಕರಿಪದರದ ಹಿಂದಿನ ಮರದಲ್ಲಿ ಸಕ್ಕರೆಯಂಶ ಕಂದುತ್ತದೆ, ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಒಡೆದು ವೆನಿಲ್ಲಾ ಪರಿಮಳದ ವೆನಿಲಿನ್ ಹುಟ್ಟುತ್ತದೆ. ಇದ್ದಿಲಿನ ಪದರ ಹೊಸ ಮದ್ಯದ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ಬಳಸಿದ ಪೀಪಾಯಿಯನ್ನು ಮತ್ತೆ ಬರ್ಬನ್ನಿಗೆ ಬಳಸುವಂತಿಲ್ಲ. ಆದ್ದರಿಂದ ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಸ್ಕಾಚ್ ಹೆಚ್ಚಾಗಿ ಮಾಗುವುದು ಅವುಗಳಲ್ಲೇ. ಮರ ತನ್ನ ಸಾರದ ದೊಡ್ಡ ಪಾಲನ್ನು ಅಷ್ಟರಲ್ಲಿ ಕೊಟ್ಟಾಗಿರುತ್ತದೆ. ಅದೇ ಕಾಫಿಪುಡಿಗೆ ಎರಡನೇ ಸಲ ನೀರು ಹಾಕಿ ಡಿಕಾಕ್ಷನ್ ಇಳಿಸಿದಂತೆ, ಕಾಯಲೇಬೇಕು. ಇದು ಸ್ಕಾಚಿನ ಕೊರತೆಯಲ್ಲ. ಮರದ ಅಬ್ಬರ ತಗ್ಗಿದ್ದರಿಂದಲೇ ಅಲ್ಲಿ ಬಾರ್ಲಿಯ ರುಚಿ ಉಳಿಯುತ್ತದೆ.

ಇನ್ನು ಹವೆ. ಬರ್ಬನ್ ಹೆಚ್ಚಾಗಿ ತಯಾರಾಗುವ ಅಮೆರಿಕದ ಕೆಂಟಕಿ ರಾಜ್ಯದ ಬೇಸಿಗೆಯಲ್ಲಿ ಗೋದಾಮಿನ ಮೇಲಂತಸ್ತು ಕಾದು ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಹಿಂದೆ ಸರಿಯುತ್ತದೆ. ಅಲ್ಲಿ ನೀರೇ ಹೆಚ್ಚು ಆವಿಯಾಗಿ ಮದ್ಯದ ಕಡುಪು (ಆಲ್ಕೊಹಾಲಿನ ಪ್ರಮಾಣ) ಏರುವುದುಂಟು. ತಂಪು, ತೇವದ ಸ್ಕಾಟ್ಲೆಂಡಿನಲ್ಲಿ ಕಡುಪು ಇಳಿಯುತ್ತದೆ, ಪೀಪಾಯಿಯಿಂದ ಆವಿಯಾಗುವುದು ವರ್ಷಕ್ಕೆ ಶೇ 2ರಷ್ಟು. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಅದು ಸುಮಾರು ಶೇ 10–12. ಅಲ್ಲಿ 12 ವರ್ಷ ಇಟ್ಟರೆ ತಳದಲ್ಲಿ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ. ಹೊಸ ಪೀಪಾಯಿಯಲ್ಲಿ ಬರ್ಬನ್ನನ್ನು ಅತಿಯಾಗಿ ಮಾಗಿಸಿದರೆ ಮರದ ಒಗರಂಶವಾದ ಟ್ಯಾನಿನ್ ಇಳಿದು ಒಗರು, ಕಹಿ. 20 ವರ್ಷದ್ದು ಅಂತ ದುಡ್ಡು ಸುರಿಯುವವರು ಇದನ್ನು ನೆನಪಿಡಿ.

ಉಳಿದ ವ್ಯತ್ಯಾಸ: ಬರ್ಬನ್ನಿನ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ, ಸಿಂಗಲ್ ಮಾಲ್ಟ್ ಸ್ಕಾಚಿನಲ್ಲಿ ಬರೀ ಮೊಳಕೆ ಬಾರ್ಲಿ. ಬರ್ಬನ್ ಬಟ್ಟಿ ಇಳಿಸುವಾಗ ಆಲ್ಕೊಹಾಲ್ ಶೇ 80 ಮೀರಬಾರದು, ಪೀಪಾಯಿಗೆ ತುಂಬುವಾಗ 62.5 ಮೀರಬಾರದು. ಬಣ್ಣ ಬೆರೆಸುವಂತಿಲ್ಲ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಹಾಕಲು ಅನುಮತಿಯಿದೆ. ಆದ್ದರಿಂದ ಗಾಢ ಬಣ್ಣ ಕಂಡು 'ಹಳೇದು' ಅನ್ನಬೇಡಿ.

ಬರ್ಬನ್ ಲೇಬಲ್ ಓದುವುದು ಹೀಗೆ. 'ಸ್ಟ್ರೇಟ್' ಎಂದಿದ್ದರೆ ಕನಿಷ್ಠ 2 ವರ್ಷ. 4 ತುಂಬಿಲ್ಲದಿದ್ದರೆ ವಯಸ್ಸು ಬರೆಯಲೇಬೇಕು. 'ಬಾಟಲ್ಡ್ ಇನ್ ಬಾಂಡ್' ಎಂದರೆ ಅಮೆರಿಕದ 1897ರ ಕಾಯ್ದೆಯಂತೆ ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಶೇ 50 ಆಲ್ಕೊಹಾಲ್. ನಾನಾದರೆ ಇದನ್ನೇ ಹುಡುಕುತ್ತೇನೆ. 'ಸ್ಮಾಲ್ ಬ್ಯಾಚ್' ಅನ್ನುವುದಕ್ಕೆ ಕಾನೂನಿನ ಅರ್ಥವೇ ಇಲ್ಲ. ಬೆಲೆಯೂ ಅಳತೆಗೋಲಲ್ಲ. ಅದರಲ್ಲಿ ಆಮದು ಸುಂಕ, ರಾಜ್ಯದ ಅಬಕಾರಿ ಸುಂಕ ಎಲ್ಲ ಸೇರಿರುತ್ತವೆ.

ಪ್ರಶ್ನೆ: ಕೆಂಟಕಿಯಲ್ಲಿ ಮಾಡಿದ್ದು ಮಾತ್ರ ಬರ್ಬನ್ ಅಂತಾರೆ?

ಉತ್ತರ: ತಪ್ಪು. ಅಮೆರಿಕದಲ್ಲಿ ಎಲ್ಲಿ ಬೇಕಾದರೂ ಮಾಡಬಹುದು.

ಪ್ರಶ್ನೆ: ಬಾಟಲಿ ಹತ್ತು ವರ್ಷ ಬೀರುವಿನಲ್ಲಿಟ್ಟಿದ್ದೇನೆ. ಮಾಗಿರುತ್ತದೆಯೇ?

ಉತ್ತರ: ಇಲ್ಲ. ಗಾಜು ಏನನ್ನೂ ಕೊಡುವುದಿಲ್ಲ.

ಪ್ರಶ್ನೆ: ಬರ್ಬನ್ನಿನಲ್ಲಿ ಸಕ್ಕರೆ ಇಲ್ಲವಂತೆ. ಸಕ್ಕರೆ ಕಾಯಿಲೆಯವರು ಧಾರಾಳವಾಗಿ ಕುಡಿಯಬಹುದೇ?

ಉತ್ತರ: ಬಟ್ಟಿ ಇಳಿಸಿದ ಮದ್ಯದಲ್ಲಿ ಸಕ್ಕರೆ ಇರುವುದಿಲ್ಲ, ನಿಜ. ಆದರೆ ಯಕೃತ್ತು ಗ್ಲೂಕೋಸ್ ಬಿಡುವುದನ್ನು ಆಲ್ಕೊಹಾಲ್ ತಡೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. 'ಧಾರಾಳವಾಗಿ' ಎಂದು ಹೇಳಿದವರು ನಿಮ್ಮ ವೈದ್ಯರಲ್ಲ.

ಪ್ರಶ್ನೆ: ಮಗುವಿಗೆ ನೆಗಡಿ, ಒಂದು ಚಮಚ?

ಉತ್ತರ: ಒಂದು ಹನಿಯೂ ಬೇಡ.

ಪ್ರಶ್ನೆ: ಚಮಚದಲ್ಲಿ ಹೊತ್ತಿಸಿ ನೀಲಿ ಉರಿ ಬಂದರೆ ಅಸಲಿ ಅಂತಾರೆ. ನಿಜವೇ?

ಉತ್ತರ: ಈ ಪರೀಕ್ಷೆ ಹೇಳಿಕೊಡುವವರು ಜೀವದ ಜೊತೆ ಆಡುತ್ತಿದ್ದಾರೆ. ವಿಷಕಾರಿ ಮೆಥನಾಲ್ ಬೆರೆತಿದ್ದರೂ ನೀಲಿ ಉರಿಯೇ ಕಾಣಬಹುದು. ಸೀಲ್ ಒಡೆದ, ಅಬಕಾರಿ ಚೀಟಿಯಿಲ್ಲದ ಬಾಟಲಿ ಮುಟ್ಟಬೇಡಿ. ಕುಡಿದ ಮೇಲೆ ಕಣ್ಣು ಮಂಜಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.