ಹಡಗಿನ ಇಂಜಿನ್ ಬದಲಿಸಬೇಕಾದರೆ ಅಷ್ಟು ದೊಡ್ಡದನ್ನು ಹೊರಗೆ ತೆಗೆಯುವುದು ಹೇಗೆ?

ಬಾಗಿಲಲ್ಲಂತೂ ಹಿಡಿಸುವುದಿಲ್ಲ. ಒಂದೋ ಹಡಗಿನ ಮಗ್ಗುಲ ಉಕ್ಕನ್ನು ಗ್ಯಾಸ್ ಕಟರ್‌ನಿಂದ ಕೊಯ್ದು ಪಕ್ಕಕ್ಕೆ ಎಳೆಯಬೇಕು, ಇಲ್ಲವೇ ಹೊಗೆಕೊಳವೆ ಕಳಚಿ ಮೇಲಿನಿಂದ ಕ್ರೇನ್‌ನಲ್ಲಿ ಎತ್ತಬೇಕು.

'ಕ್ವೀನ್ ಎಲಿಜಬೆತ್ 2' ಎಂಬ ಬ್ರಿಟಿಷ್ ಪ್ರಯಾಣಿಕ ಹಡಗಿಗೆ ಹೊಗೆಕೊಳವೆಯನ್ನೇ ಕಳಚಿದರು. 1986-87ರಲ್ಲಿ ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ಅದರ ಸ್ಟೀಮ್ ಟರ್ಬೈನ್, ಬಾಯ್ಲರ್ ಎಲ್ಲ ತೆಗೆದು, 9 ಡೀಸೆಲ್ ಇಂಜಿನ್ ಇಳಿಸಿದರು. ಒಂದೊಂದೂ ಸುಮಾರು 120 ಟನ್!

ಆದರೆ ಎತ್ತಿ ಇಳಿಸುವುದು ಸುಲಭದ ಭಾಗ. ತಲೆನೋವು ಇರುವುದು ಕೂರಿಸುವುದರಲ್ಲಿ. ಸಾಮಾನ್ಯವಾಗಿ ಇಂಜಿನ್ನನ್ನು ಜಾಕ್ ಬೋಲ್ಟ್‌ಗಳ (ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್) ಮೇಲೆ ನಿಲ್ಲಿಸಿ, ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್ ಹಚ್ಚಿ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ, ಅದು ತಿರುಗಿಸಬೇಕಾದ ಶಾಫ್ಟಿಗೆ (ದಂಡಕ್ಕೆ) ಹೊಂದಿಸುತ್ತಾರೆ. ಹಡಗನ್ನು ನೀರಿಲ್ಲದೆ ನಿಲ್ಲಿಸುವ ಡ್ರೈ ಡಾಕ್‌ನಲ್ಲೇ ಇದನ್ನು ಮುಗಿಸಿಬಿಟ್ಟರೆ ಆಗಲ್ವಾ? ಆಗುವುದಿಲ್ಲ. ನೀರಿಗಿಳಿದ ಮೇಲೆ ಹಡಗಿನ ಮೈ ಕೊಂಚ ಬಾಗುತ್ತದೆ, ಮಾಡಿದ ಅಳತೆಯೆಲ್ಲ ತಪ್ಪುತ್ತದೆ. ಬಿಸಿಲಿಗೆ ಡೆಕ್ ಕಾದರೂ ಅದೇ ಪಾಡು. ಹಾಗಾಗಿ ಕೊನೆಯ ಅಳತೆಯನ್ನು ಹಡಗು ತೇಲುತ್ತಿರುವಾಗ, ಬಿಸಿಲೇರುವ ಮೊದಲೇ ನೋಡುವುದು ವಾಡಿಕೆ.

ಆಮೇಲೆ ಇಂಜಿನ್ನಿನ ಬುಡದಲ್ಲಿ ಫೋಮ್ ಪಟ್ಟಿಯಿಂದ ಪುಟ್ಟ ಕಟ್ಟೆ ಕಟ್ಟಿ, ಇಂಜಿನ್ನಿಗೂ ಅದರ ಪೀಠಕ್ಕೂ ನಡುವಿನ ಸಂದಿಗೆ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿಯುತ್ತಾರೆ. ಅದು ಪೂರ್ತಿ ಗಟ್ಟಿಯಾದ ಮೇಲೆಯೇ ಬೋಲ್ಟ್ ಬಿಗಿಯಬೇಕು, ಅವಸರ ಮಾಡುವಂತಿಲ್ಲ. ಎಪಾಕ್ಸಿ ಬರುವ ಮುಂಚೆ ಈ ಕೆಲಸ ಇನ್ನೂ ಜಾಸ್ತಿ ಇತ್ತು. ಸಂದಿಗೆ ಇಡುವ ಪ್ರತಿ ಉಕ್ಕಿನ ತುಂಡಿಗೂ ನೀಲಿ ಬಣ್ಣ ಬಳಿದು, ಎಲ್ಲಿ ತಾಗುತ್ತಿದೆ ಎಂದು ನೋಡಿ, ಕೈಯಲ್ಲೇ ಅರದಿಂದ ಉಜ್ಜಿ ಕೂರಿಸುತ್ತಿದ್ದರು.